ಬಿಲ್ ಪಾಸ್ ಮಾಡುವ ಮುನ್ನ ಟೇಪ್ ಹಿಡಿಯಿರಿ: ಚಿಕ್ಕಮಗಳೂರು ನಗರಸಭೆಗೊಂದು ಬಹಿರಂಗ ಪತ್ರ

ಚಿಕ್ಕಮಗಳೂರು ನಗರಸಭೆಯ ಅಧ್ಯಕ್ಷರು, ಸದಸ್ಯರು, ಪೌರಾಯುಕ್ತರು ಹಾಗೂ ಇಂಜಿನಿಯರಿಂಗ್ ವಿಭಾಗದವರಿಗೆ,

ಮಾನ್ಯರೇ,

ಸಾರ್ವಜನಿಕ ಶೌಚಾಲಯದ ಎಸ್ಟಿಮೇಟಿನಲ್ಲಿ ‘ಮೂರು ಅಡಿ ಬಾಗಿಲು’ ಎಂದು ಬರೆದರೆ ಗಾಲಿಕುರ್ಚಿಗೆ ಸಿಗುವುದು ಎರಡೂವರೆ ಅಡಿ. ಲೆಕ್ಕ ಹೀಗೆ. ಮೂರು ಅಡಿ ಎನ್ನುವುದು ಬಾಗಿಲುವಾಡದ ಹೊರ ಅಳತೆ, 36 ಇಂಚು. ಎರಡೂ ಪಕ್ಕದ ಮರ ಎರಡೂವರೆ ಇಂಚಿನಂತೆ ಐದು ಇಂಚು ನುಂಗುತ್ತದೆ. ತೆರೆದು ನಿಂತ ಕದದ ದಪ್ಪಕ್ಕೆ ಇನ್ನೊಂದು ಇಂಚು ಹೋಯಿತು. ಉಳಿದದ್ದು 30 ಇಂಚು, ಅಂದರೆ ಸುಮಾರು 760 ಎಂಎಂ. ಕುರ್ಚಿಯ ಅಗಲವೇ 25ರಿಂದ 27 ಇಂಚು. ಗಾಲಿಯ ಬಳೆ ಹಿಡಿದು ತಳ್ಳುವ ಕೈಗೆ ಎರಡೂ ಕಡೆ ಎರಡೆರಡು ಇಂಚಾದರೂ ಬೇಕು. ನೇರ ಎದುರಿನಿಂದ ಬಂದರೆ ಗೆಣ್ಣು ತರಚಿಕೊಂಡು ಒಳಗೆ ನುಗ್ಗಬಹುದು. ಓಣಿಯಲ್ಲಿ ಬಂದು ಬಾಗಿಲ ಹತ್ತಿರ ತಿರುಗಬೇಕಾದರೆ ಆ ಕುರ್ಚಿ ಅಲ್ಲೇ ನಿಲ್ಲುತ್ತದೆ. 900 ಎಂಎಂ ಖಾಲಿ ಜಾಗ ಸಿಗಬೇಕಾದರೆ ಬಾಗಿಲುವಾಡ ಮೂರೂವರೆ ಅಡಿಯದ್ದಿರಬೇಕು: 42ರಲ್ಲಿ ಐದು ಹೋಗಿ, ಒಂದು ಹೋಗಿ, 36 ಇಂಚು.

ಆರು ಇಂಚಿನ ವ್ಯತ್ಯಾಸ ಅಷ್ಟೆ. ಗೋಡೆಯಲ್ಲಿ ಅಷ್ಟು ಇಟ್ಟಿಗೆ ಕಡಿಮೆಯೇ ಬೇಕು. ಆದರೂ ಊರೂರಿನಲ್ಲಿ ಕಟ್ಟಿದ ‘ವಿಶೇಷಚೇತನರ ಶೌಚಾಲಯ’ಗಳು ಸೋಲುವುದು ಇಂಥ ಕಡೆಗಳಲ್ಲೇ. ಹಣ ಬಂದಿರುತ್ತದೆ, ಜಾಗ ಇರುತ್ತದೆ, ಗೋಡೆಯ ಮೇಲೆ ನೀಲಿ ಬಣ್ಣದ ಗಾಲಿಕುರ್ಚಿ ಚಿತ್ರವೂ ಇರುತ್ತದೆ. ಇಂಚು ತಪ್ಪಿರುತ್ತದೆ. ಇಂಚು ಸರಿಯಿದ್ದ ಕಡೆ ಬೀಗ ಬಿದ್ದಿರುತ್ತದೆ. ನಾವು, ಗಾಲಿಕುರ್ಚಿ, ಊರುಗೋಲು, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಬಳಸುವವರು ಮತ್ತು ಪ್ಲಂಬಿಂಗ್, ಗಾರೆ ಕೆಲಸ ಬಲ್ಲವರು, ಸೇರಿ ಬರೆಯುತ್ತಿರುವ ಈ ಪತ್ರದ ಬೇಡಿಕೆ ಒಂದೇ. ಶೌಚಾಲಯದ ಅಂತಿಮ ಬಿಲ್ಲಿಗೆ ಸಹಿ ಬೀಳುವ ಮುನ್ನ ಗಾಲಿಕುರ್ಚಿಯಲ್ಲಿ ಕೂತವರೊಬ್ಬರು ಒಳಗೆ ಹೋಗಿ, ಬಾಗಿಲು ಹಾಕಿ, ಕಮೋಡಿಗೆ ಸರಿದು, ತೊಳೆದುಕೊಂಡು, ಮತ್ತೆ ಕುರ್ಚಿಗೆ ಬಂದು, ಹೊರಗೆ ಬರಲಿ. ಆಗದಿದ್ದರೆ ಬಿಲ್ ನಿಲ್ಲಲಿ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಸಾರ್ವಜನಿಕ ಶೌಚಾಲಯ ಒದಗಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ನಿಮ್ಮ ಕಡ್ಡಾಯ ಕರ್ತವ್ಯಗಳಲ್ಲೊಂದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 44ನೇ ಕಲಂ, ಸುಗಮ್ಯತೆಯ, ಅಂದರೆ ಎಲ್ಲರೂ ತಡೆಯಿಲ್ಲದೆ ಬಳಸುವಂತಿರಬೇಕೆಂಬ ನಿಯಮ ಪಾಲಿಸದ ಕಟ್ಟಡಕ್ಕೆ ಪರವಾನಗಿಯನ್ನೂ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡಬಾರದು ಎನ್ನುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು 45ನೇ ಕಲಂ ಕೊಟ್ಟದ್ದು ನಿಯಮ ಪ್ರಕಟವಾದಲ್ಲಿಂದ ಐದು ವರ್ಷ. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಲೆಕ್ಕ ನಿಮಗೇ ಗೊತ್ತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಸುಗಮ್ಯತೆ ಬರೀ ಶಿಫಾರಸು ಆಗಿ ಉಳಿಯಬಾರದು, ಪಾಲಿಸಲೇಬೇಕಾದ ನಿಯಮ ಆಗಬೇಕು ಎಂದಿತು. ಅಳತೆಗಳೆಲ್ಲ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ 2021ರ ಮಾರ್ಗಸೂಚಿಯಲ್ಲಿವೆ. ಆ ದಪ್ಪ ಪುಸ್ತಕ ಕಚೇರಿಯ ಕಂಪ್ಯೂಟರಿನಲ್ಲಿ ಇರುತ್ತದೆ, ಸೈಟಿನಲ್ಲಿ ನಿಂತ ಮೇಸ್ತ್ರಿಯ ಕೈಗೆ ಸಿಗುವುದಿಲ್ಲ. ಅದಕ್ಕೇ ಮೇಸ್ತ್ರಿಗೆ ಹೇಳುವ ಹಾಗೆ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಜಾಗ. ಎಲ್ಲ ವಾರ್ಡಿನಲ್ಲೂ ಒಂದೊಂದು ಎಂದು ನಾವು ಕೇಳುವುದಿಲ್ಲ. ಹತ್ತು ಕೆಟ್ಟದ್ದಕ್ಕಿಂತ ನಾಲ್ಕು ಸರಿಯಾದದ್ದು ವಾಸಿ. ಬಸ್ ನಿಲ್ದಾಣ, ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯ ಆಸುಪಾಸು, ಆಜಾದ್ ಪಾರ್ಕ್ ವೃತ್ತದ ಸುತ್ತ, ಸಂತೆ ಮತ್ತು ಮಾರ್ಕೆಟ್ ರಸ್ತೆಯ ಭಾಗ. ಈ ನಾಲ್ಕು ಕಡೆ ಆದರೆ ಪೇಟೆಗೆ ಬರುವ ಬಹುಪಾಲು ಜನರಿಗೆ ದಾರಿಯಾಗುತ್ತದೆ. ರತ್ನಗಿರಿ ಬೋರೆಯ ಉದ್ಯಾನ ಆಮೇಲೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆಂದು ಶೃಂಗೇರಿ, ಕೊಪ್ಪ, ಎನ್.ಆರ್.ಪುರದ ಕಡೆಯಿಂದ ಜಿಲ್ಲಾ ಆಸ್ಪತ್ರೆಗೆ ಬರುವವರು ಬೆಳಗಿನ ಬಸ್ಸಿನಲ್ಲಿ ಎರಡು ಮೂರು ತಾಸು ಕೂತಿರುತ್ತಾರೆ, ಇಲ್ಲಿ ಸರದಿಯಲ್ಲಿ ಇನ್ನಷ್ಟು ಹೊತ್ತು. ಹೋಗಲು ಜಾಗ ಇರುವುದಿಲ್ಲ ಎಂದು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುವವರಿದ್ದಾರೆ. ಬೆನ್ನುಹುರಿ ಪೆಟ್ಟಾದವರಿಗೆ ಇದು ಬರೀ ಬಾಯಾರಿಕೆಯಲ್ಲ, ಮೂತ್ರದ ಸೋಂಕಿಗೆ ಕೊಟ್ಟ ಆಹ್ವಾನ. ನಿಲ್ದಾಣ, ಆಸ್ಪತ್ರೆ ನಗರಸಭೆಯ ಸುಪರ್ದಿಯಲ್ಲಿಲ್ಲ ಎಂಬುದು ನಮಗೆ ತಿಳಿದಿದೆ. ಅದಕ್ಕಾಗಿಯೇ ಈ ಪತ್ರದ ಪ್ರತಿ ಮಾನ್ಯ ಜಿಲ್ಲಾಧಿಕಾರಿಗಳಿಗೂ ಹೋಗುತ್ತಿದೆ.

ಜಾಗ ನೋಡುವಾಗ ರಸ್ತೆಯಿಂದ ಬಾಗಿಲವರೆಗಿನ ದಾರಿಯನ್ನೂ ನೋಡಿ. ನಮ್ಮೂರಿನಲ್ಲಿ ಓಡಾಡುವ ವಿಕಲಚೇತನರಲ್ಲಿ ಅನೇಕರು ಬರುವುದು ಎರಡು ಪಕ್ಕದ ಚಕ್ರ ಕೂರಿಸಿದ ಸ್ಕೂಟರಿನಲ್ಲಿ. ಕೆಳಗಿಳಿದ ಮೇಲೆ ಕ್ಯಾಲಿಪರ್ರು, ಊರುಗೋಲು. ಅವರಿಗೆ ಸ್ಕೂಟರ್ ನಿಲ್ಲಿಸಿ ಪಕ್ಕಕ್ಕೆ ಇಳಿಯಲು 3.6 ಮೀಟರ್ ಅಗಲದ ಒಂದು ಜಾಗ, ಬಾಗಿಲಿಗೆ 30 ಮೀಟರ್ ಒಳಗೆ ಬೇಕು. ರ್‍ಯಾಂಪಿನ ಬುಡಕ್ಕೆ ಬೈಕ್ ನಿಲ್ಲಿಸುವ ಪಿಡುಗಿಗೆ ಕಬ್ಬಿಣದ ಕಂಬ ನೆಡುವುದು ರೂಢಿ. ಅದು ಕೆಲಸ ಮಾಡುವುದಿಲ್ಲ. ಕುರ್ಚಿ ಹೋಗುವಷ್ಟು ಅಂತರ ಬಿಟ್ಟರೆ ಬೈಕೂ ಹೋಗುತ್ತದೆ, ಬೈಕ್ ತಡೆಯುವಷ್ಟು ಹತ್ತಿರ ನೆಟ್ಟರೆ ಕುರ್ಚಿಯೂ ನಿಲ್ಲುತ್ತದೆ. ಹಳದಿ ಗೆರೆ, ದಂಡ, ಮತ್ತು ಎದುರಿಗೆ ಕೂತು ನೋಡುವ ಒಬ್ಬ ಮನುಷ್ಯ, ಇಷ್ಟೇ ಮದ್ದು.

ಇನ್ನು ರ್‍ಯಾಂಪ್. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ, ಅದಕ್ಕಿಂತ ಕಡಿದಾದರೆ ಸ್ವಂತ ಕೈಯಿಂದ ಹತ್ತಲಾಗದು. ಒಂದೂವರೆ ಅಡಿ ಎತ್ತರದ ಪ್ಲಿಂತ್ (ಕಟ್ಟಡದ ಅಡಿಕಟ್ಟೆ) ಕಟ್ಟಿದರೆ 18 ಅಡಿ ರ್‍ಯಾಂಪ್, ಮೇಲೊಂದು ಕೆಳಗೊಂದು ಐದಡಿಯ ಸಮತಟ್ಟು, ಒಟ್ಟು 28 ಅಡಿ. ಅಷ್ಟು ಜಾಗ ಪೇಟೆಯಲ್ಲಿ ಎಲ್ಲಿದೆ? ಇಲ್ಲ. ಅದಕ್ಕೇ ಆರಡಿಯಲ್ಲಿ ಮುಗಿಸುತ್ತಾರೆ, ಅದು ಬೈಕ್ ಹತ್ತಿಸುವ ಇಳಿಜಾರಾಗುತ್ತದೆ. ಇದರ ಮೂಲ ರ್‍ಯಾಂಪಿನಲ್ಲಿಲ್ಲ, ನೆಲದಡಿಯ ಪೈಪಿನಲ್ಲಿದೆ. ಸೆಪ್ಟಿಕ್ ಟ್ಯಾಂಕ್ ದೂರದಲ್ಲಿ, ಎತ್ತರದಲ್ಲಿ ಇಟ್ಟುಬಿಟ್ಟರೆ ಪೈಪಿಗೆ ಓಟ ಕೊಡಲು ಕಟ್ಟಡವನ್ನೇ ಎತ್ತಬೇಕಾಗುತ್ತದೆ. ಹತ್ತು ಮೀಟರ್ ದೂರಕ್ಕೆ ಅರವತ್ತಕ್ಕೊಂದರಂತೆ ಇಳಿಜಾರು ಕೊಟ್ಟರೂ ಆರೂವರೆ ಇಂಚು ಹೋಯಿತು. ಟ್ಯಾಂಕನ್ನು ಹತ್ತಿರಕ್ಕೆ ತಂದು ಒಂದಡಿ ಹೆಚ್ಚು ಆಳಕ್ಕೆ ಇಳಿಸಿದರೆ ಪ್ಲಿಂತ್ ಆರು ಇಂಚಿಗೆ ಇಳಿಯುತ್ತದೆ, ರ್‍ಯಾಂಪ್ ಆರೇ ಅಡಿಗೆ ಸರಿಯಾಗಿ ಮುಗಿಯುತ್ತದೆ. ಒಳಚರಂಡಿ ಲೈನ್ ಇರುವ ಕಡೆ ಮ್ಯಾನ್‌ಹೋಲಿನ ಆಳವನ್ನು ಮೊದಲು ಅಳೆದು, ಆಮೇಲೆ ಪ್ಲಿಂತ್ ತೀರ್ಮಾನಿಸಿ. ನಕ್ಷೆ ಬರೆಯುವವರು ಬಹಳ ಸಲ ಇದನ್ನು ತಿರುವುಮುರುವಾಗಿ ಮಾಡುತ್ತಾರೆ.

ಆರು ಇಂಚಿನ ಪ್ಲಿಂತಿಗೆ ಮಳೆನೀರು ಒಳಗೆ ನುಗ್ಗುವುದಿಲ್ಲವೇ ಎಂದು ಕೇಳುತ್ತೀರಿ. ಮಲೆನಾಡಿನ ಅಂಚಿನ ಊರು, ಆಷಾಢದ ಮಳೆ, ಕೇಳಲೇಬೇಕಾದ ಪ್ರಶ್ನೆ. ಬಾಗಿಲ ಮುಂದೆ ಅಡ್ಡಲಾಗಿ ಒಂದು ಕಾಲುವೆ ತೆಗೆದು ಜಾಲರಿ ಮುಚ್ಚಿ. ಜಾಲರಿಯ ಸಂದು ಅರ್ಧ ಇಂಚು ಮೀರಬಾರದು, ಸರಳುಗಳು ನಡೆಯುವ ದಿಕ್ಕಿಗೆ ಅಡ್ಡವಾಗಿ ಇರಬೇಕು. ಉದ್ದಕ್ಕೆ ಹಾಕಿದರೆ ಕುರ್ಚಿಯ ಮುಂದಿನ ಪುಟ್ಟ ಗಾಲಿ ಸಿಕ್ಕಿಕೊಂಡು ಕೂತವರು ಮುಗ್ಗರಿಸುತ್ತಾರೆ, ಊರುಗೋಲಿನ ತುದಿಯೂ ಅದರಲ್ಲೇ ಇಳಿಯುತ್ತದೆ. ರ್‍ಯಾಂಪಿನ ಮೇಲೆ ಶೀಟಾದರೂ ಸರಿ, ಒಂದು ಚಾವಣಿ ಇರಲಿ. ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ. ಮೇಲ್ಮೈಗೆ ಕರಣೆಯಿಂದ ನುಣುಪು ಕೊಡುವುದು ಮೇಸ್ತ್ರಿಗೆ ಹೆಮ್ಮೆ, ನಮಗೆ ಅಪಾಯ. ಸಿಮೆಂಟು ಹಸಿಯಿರುವಾಗಲೇ ಗಟ್ಟಿ ಪೊರಕೆಯಿಂದ ಅಡ್ಡಡ್ಡ ಗೀರಿದರೆ ಸಾಕು. ಒಂದಿಂಚು ಆಳದ ಗೀರು ಹಾಕಿದರೆ ಅದರಲ್ಲಿ ಮಣ್ಣು ಕೂತು ಪಾಚಿಗೆ ತೊಟ್ಟಿಲಾಗುತ್ತದೆ. ಹಿಡಿದು ಹತ್ತುವ ಕಂಬಿ ಎರಡೂ ಕಡೆ, 700 ಮತ್ತು 900 ಎಂಎಂ ಎತ್ತರದಲ್ಲಿ ಎರಡು ಸಾಲು, ಆರಂಭ ಮತ್ತು ಕೊನೆಯಲ್ಲಿ ಒಂದೊಂದು ಅಡಿ ಮುಂದಕ್ಕೆ ಚಾಚಿರಲಿ.

ಒಳಕೋಣೆ 2000 ಎಂಎಂ ಅಗಲ, 2200 ಎಂಎಂ ಉದ್ದ, ಅಂದರೆ ಸುಮಾರು ಆರೂವರೆಗೆ ಏಳೂಕಾಲು ಅಡಿ. ಟೈಲ್ಸ್ ಅಂಟಿಸಿದ ಮೇಲೆ ಸಿಗುವ ಅಳತೆ ಇದು, ಇಟ್ಟಿಗೆಯಿಂದ ಇಟ್ಟಿಗೆಗೆ ಅಲ್ಲ. ಗಾರೆ, ಟೈಲ್ಸ್ ಎರಡೂ ಗೋಡೆ ಸೇರಿ ಮೂರು ಇಂಚು ತಿನ್ನುತ್ತವೆ. ನಡುವೆ ಐದಡಿ ವ್ಯಾಸದ ವೃತ್ತದಲ್ಲಿ ಏನೂ ಇರಬಾರದು: ಡ್ರಮ್ಮಿಲ್ಲ, ಬಕೆಟ್ಟಿಲ್ಲ, ಕಸದ ಬುಟ್ಟಿಯಿಲ್ಲ. ಈ ಕೋಣೆಯ ಬಾಗಿಲು ಗಂಡಸರ ಅಥವಾ ಹೆಂಗಸರ ಶೌಚಾಲಯದ ಒಳಗಿನಿಂದ ಇರಬಾರದು, ನೇರ ಹೊರಗಿನಿಂದ ಇರಬೇಕು. ಹೆಂಡತಿಗೆ ಗಂಡ ನೆರವಾಗಬೇಕಾಗುತ್ತದೆ, ಬೆಳೆದ ಮಗನಿಗೆ ತಾಯಿ. ಯಾವ ಕಡೆಯ ಸಾಲಿನಲ್ಲೂ ಮುಜುಗರಪಡಬೇಕಾದ ಲೈಂಗಿಕ ಅಲ್ಪಸಂಖ್ಯಾತರಿಗೂ ಇದೇ ಕೋಣೆ ಒದಗುತ್ತದೆ.

ಕದ ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಕದ ಅವರ ಮೈಗೇ ತಾಗಿ ನಿಲ್ಲುತ್ತದೆ. ಹೊರಕ್ಕೆ ತೆರೆದ ಕದವನ್ನು ಕುರ್ಚಿಯಲ್ಲಿ ಕೂತು ಎಳೆದುಕೊಳ್ಳಲು ಒಳಬದಿಯಲ್ಲಿ ಅಡ್ಡ ಹಿಡಿ ಬೇಕು, ಸೊಂಟದೆತ್ತರಕ್ಕೆ. ಇದನ್ನು ಮರೆಯುವುದೇ ಹೆಚ್ಚು. ಐದಡಿ ಎತ್ತರದಲ್ಲಿ ಹಾಕುವ ಟವರ್ ಬೋಲ್ಟ್ (ಸರಿಸುವ ಅಗುಳಿ) ಬೇಡ, ಮೊಣಕೈಯಿಂದಲೂ ಒತ್ತಿ ತಿರುಗಿಸಬಹುದಾದ ಉದ್ದ ಹಿಡಿಯ ಚಿಲಕ ಹಾಕಿ. ಆಪತ್ತಿನಲ್ಲಿ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯುವಂಥದ್ದು ಮಾರುಕಟ್ಟೆಯಲ್ಲಿ ಸಿಗುತ್ತದೆ, ಒಳಗೆ ಜನ ಇದ್ದರೆ ಹೊರಗೆ ಕೆಂಪು ಗುರುತನ್ನೂ ತೋರಿಸುತ್ತದೆ. ಕಿವಿ ಕೇಳದವರಿಗೆ ಆ ಗುರುತೇ ಆಧಾರ, ಬಾಗಿಲು ಬಡಿದರೆ ಅವರಿಗೆ ಗೊತ್ತಾಗದು. ಮರದ ಕದ ನಮ್ಮ ಮಳೆಗೆ ಉಬ್ಬಿ ಕಚ್ಚಿಕೊಳ್ಳುತ್ತದೆ, ಅಗ್ಗದ ಪಿವಿಸಿ ಕದ ಬಾಗುತ್ತದೆ. ಅಲ್ಯೂಮಿನಿಯಂ ಅಥವಾ ಎಫ್‌ಆರ್‌ಪಿ (ನಾರು ಸೇರಿಸಿದ ಗಟ್ಟಿ ಪ್ಲಾಸ್ಟಿಕ್) ಇರಲಿ, ಕೆಳಗಿನ ಒಂದಡಿಗೆ ಸ್ಟೀಲ್ ತಗಡು ಹೊಡೆಸಿ, ಕುರ್ಚಿಯ ಪಾದದ ಹಲಗೆ ಗುದ್ದುವುದು ಅಲ್ಲಿಗೇ. ಹೊಸ್ತಿಲು ಬೇಡ. ಬೇಕೇಬೇಕೆಂದರೆ ಅರ್ಧ ಇಂಚು, ಎರಡೂ ಕಡೆ ಇಳಿಜಾರು ಮಾಡಿದ್ದು.

ಕಮೋಡಿನ ವಿಷಯದಲ್ಲಿ ತಪ್ಪುಗಳ ಸರಮಾಲೆಯೇ ಇದೆ. ಕುಳಿತುಕೊಳ್ಳುವ ಎತ್ತರ 450ರಿಂದ 480 ಎಂಎಂ ಇರಬೇಕು, ಕುರ್ಚಿಯ ಸೀಟಿನ ಮಟ್ಟಕ್ಕೆ ಹತ್ತಿರ ಹತ್ತಿರ. ಅಂಗಡಿಯ ಸಾಮಾನ್ಯ ಕಮೋಡು ಸೀಟು ಸೇರಿ 420ರ ಆಚೀಚೆ. ಒಂದೂವರೆ ಎರಡು ಇಂಚು ಕಡಿಮೆಯಾದರೆ ಇಳಿಯುವುದು ಸುಲಭ, ಹತ್ತುವುದು ಕಷ್ಟ. ಇದನ್ನು ಸರಿಮಾಡಲು ಕೆಲವರು ಕಮೋಡಿನ ಕೆಳಗೆ ಅಗಲವಾದ ಕಟ್ಟೆ ಕಟ್ಟುತ್ತಾರೆ. ಆ ಕಟ್ಟೆಗೆ ಕುರ್ಚಿಯ ಗಾಲಿ ತಾಗಿ ಪಕ್ಕಕ್ಕೆ ಬರಲಾಗದೆ ಮೊದಲಿಗಿಂತ ಕೆಡುತ್ತದೆ. ಎತ್ತರದ ಮಾದರಿಯನ್ನೇ ತರಿಸಿ, ಇಲ್ಲವೇ ಕಮೋಡಿನ ಪಾದದಷ್ಟೇ ಅಳತೆಯ ಎರಡಿಂಚಿನ ಕಲ್ಲು ಕೊಟ್ಟು ಕೂರಿಸಿ. ಇನ್ನೊಂದು, ಮುಂಭಾಗ ಕತ್ತರಿಸಿದ ‘ಆಸ್ಪತ್ರೆ ಮಾದರಿ’ ಕಮೋಡು. ಹೆಸರು ಕೇಳಿ ವಿಶೇಷಚೇತನರಿಗೆ ಅದೇ ಸರಿ ಎಂದು ಟೆಂಡರಿನಲ್ಲಿ ಬರೆದುಬಿಡುತ್ತಾರೆ. ಕಾಲಿನಲ್ಲಿ ಸ್ಪರ್ಶವಿಲ್ಲದವರು ಪಕ್ಕದಿಂದ ಸರಿದು ಕೂರುವಾಗ ತೊಡೆ ಆ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ, ಸಿಕ್ಕಿದ್ದು ಅವರಿಗೆ ತಿಳಿಯುವುದೂ ಇಲ್ಲ, ಚರ್ಮ ಹರಿಯುತ್ತದೆ. ದಯವಿಟ್ಟು ಅದನ್ನು ಬಿಡಿ, ಪೂರ್ತಿ ಸುತ್ತಿನ ಗಟ್ಟಿ ಸೀಟು ಹಾಕಿ.

ಕೂರಿಸುವ ಜಾಗ: ಪಕ್ಕದ ಗೋಡೆಯಿಂದ ಕಮೋಡಿನ ನಡುಗೆರೆಗೆ 450ರಿಂದ 500 ಎಂಎಂ, ಇನ್ನೊಂದು ಪಕ್ಕ ಕನಿಷ್ಠ ಮೂರಡಿ ಖಾಲಿ. ಅಂದರೆ ಕಮೋಡು ಕೋಣೆಯ ನಡುವೆ ಬರುವುದೇ ಇಲ್ಲ. ನಡುವೆ ಇಟ್ಟರೆ ನೋಡಲು ಚೆಂದ, ಆದರೆ ಎರಡೂ ಗೋಡೆಯ ಹಿಡಿ ಸರಳು ಕೈಗೆಟುಕದು, ಎರಡೂ ಪಕ್ಕ ಕುರ್ಚಿ ಹಿಡಿಸದು. ಹಿಂದಿನ ಗೋಡೆಯಿಂದ ಕಮೋಡಿನ ಮೂತಿಗೆ 700ರಿಂದ 750 ಎಂಎಂ ಇರಲಿ, ಆಗಲೇ ಕುರ್ಚಿಯನ್ನು ಹಿಮ್ಮುಖವಾಗಿ ಪಕ್ಕಕ್ಕೆ ಸೇರಿಸಿದಾಗ ಎರಡು ಸೀಟೂ ಒಂದೇ ಸಾಲಿಗೆ ಬರುವುದು. ಇದಕ್ಕೆ ನೆಲದಡಿಯ ಪೈಪನ್ನು ಮೊದಲೇ ಮುಂದೆ ಬಿಡಬೇಕು. ಎಸ್ ಟ್ರ್ಯಾಪ್, ಅಂದರೆ ಕಮೋಡಿನಿಂದ ನೆಲಕ್ಕೆ ಇಳಿಯುವ ಪೈಪಿನ ತೂತು ಗೋಡೆಯಿಂದ ಒಂಬತ್ತು ಇಂಚಿಗೆ ಬಿದ್ದ ಮೇಲೆ ಯಾರೇನು ಮಾಡಿದರೂ ಕಮೋಡು ಮುಂದೆ ಬರುವುದಿಲ್ಲ. ಒಂದು ಶೌಚಾಲಯದಲ್ಲಿ ಖಾಲಿ ಪಕ್ಕ ಎಡಕ್ಕಿದ್ದರೆ ಮತ್ತೊಂದರಲ್ಲಿ ಬಲಕ್ಕಿರಲಿ. ಪಾರ್ಶ್ವವಾಯು ಹೊಡೆದವರಿಗೆ ಒಂದೇ ಪಕ್ಕದಲ್ಲಿ ಶಕ್ತಿ ಇರುತ್ತದೆ, ಅದು ಯಾವ ಪಕ್ಕ ಎಂದು ನಾವು ತೀರ್ಮಾನಿಸುವಂತಿಲ್ಲ.

ಹಿಡಿ ಸರಳು ಸೀಟಿನಿಂದ 200 ಎಂಎಂ ಮೇಲೆ, ಗೋಡೆಯಿಂದ ಎರಡಿಂಚು ದೂರ, 38ರಿಂದ 40 ಎಂಎಂ ದಪ್ಪ. ಎರಡಿಂಚಿಗಿಂತ ಹೆಚ್ಚು ಸಂದು ಬಿಟ್ಟರೆ ಜಾರಿದ ಕೈ ಮೊಣಕೈವರೆಗೆ ಒಳಗೆ ಹೋಗಿ ಮೂಳೆ ಮುರಿಯಬಹುದು. ಗೋಡೆಯ ಪಕ್ಕದ್ದು ಕದಲದ ಸರಳು, ಖಾಲಿ ಪಕ್ಕದ್ದು ಮೇಲೆತ್ತಿ ಮಡಚುವಂಥದ್ದು. ಎರಡೂ ಕದಲದವನ್ನೇ ಹಾಕಿದರೆ ಕುರ್ಚಿಯಿಂದ ಸರಿಯುವ ದಾರಿಯನ್ನೇ ಬೇಲಿ ಹಾಕಿ ಮುಚ್ಚಿದ ಹಾಗೆ. ಸ್ಟೇನ್‌ಲೆಸ್ ಸ್ಟೀಲ್ 304 ಇರಲಿ, ಹೊಳಪಿಲ್ಲದ್ದು, ಒದ್ದೆ ಕೈಗೆ ಹೊಳಪಿನದ್ದು ಜಾರುತ್ತದೆ. ಬಣ್ಣ ಬಳಿದ ಕಬ್ಬಿಣ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಮುಖ್ಯವಾದದ್ದು ಕೂರಿಸುವ ಬಗೆ. ಹಾಲೋ ಬ್ಲಾಕ್ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ಗು, ಎರಡಿಂಚಿನ ಸ್ಕ್ರೂ ಹಾಕಿದರೆ ಮೊದಲ ಭಾರಕ್ಕೇ ಗಾರೆ ಸಮೇತ ಕಿತ್ತು ಬರುತ್ತದೆ. ಸರಳು ಬರುವ ಜಾಗದ ಬ್ಲಾಕಿನ ಪೊಳ್ಳಿಗೆ ಕಟ್ಟುವಾಗಲೇ ಕಾಂಕ್ರೀಟ್ ತುಂಬಿಸಿ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯಾದರೆ ಆಚೆಯಿಂದ ತಗಡು ಕೊಟ್ಟು ಬೋಲ್ಟನ್ನು ಆರಪಾರ ಹಾಕಿ. ಪರೀಕ್ಷೆ ಸುಲಭ. ಕೆಲಸ ಮುಗಿದ ದಿನ ಕಂಟ್ರಾಕ್ಟರು ತಾವೇ ಅದಕ್ಕೆ ಜೋತುಬೀಳಲಿ.

ನೀರು. ಪರದೇಶದ ಚಿತ್ರ ನೋಡಿ ಬರೆದ ನಕ್ಷೆಯಲ್ಲಿ ಕಾಗದದ ಸುರುಳಿಗೆ ಜಾಗವಿರುತ್ತದೆ, ಚೊಂಬಿಗೆ ಇರುವುದಿಲ್ಲ. ನಮ್ಮಲ್ಲಿ ಬಕೆಟ್ಟು, ಮಗ್ಗು ಬಂದೇ ಬರುತ್ತವೆ, ಬಂದು ಕೂರುವುದು ಕುರ್ಚಿ ನಿಲ್ಲಬೇಕಾದ ಮೂರಡಿಯಲ್ಲೇ. ಅದಕ್ಕೆ ಬದಲು ಗೋಡೆಯ ಬದಿಯಲ್ಲಿ, ಕೂತಲ್ಲಿಂದ ಕೈಗೆಟುಕುವಂತೆ ಹೆಲ್ತ್ ಫಾಸೆಟ್ (ಕೈಯಲ್ಲಿ ಹಿಡಿದು ತೊಳೆದುಕೊಳ್ಳುವ ಪೈಪು) ಹಾಗೂ ಉದ್ದ ಹಿಡಿಯ ಲಿವರ್ ನಲ್ಲಿ, ಅದರ ಕೆಳಗೆ ಮಗ್ಗಿಡಲು ಸಣ್ಣ ಕಟ್ಟೆ ಮಾಡಿ. ತಿರುಪಿನ ನಲ್ಲಿ ಬೆರಳಿಗೆ ಬಲವಿಲ್ಲದವರಿಗೆ ಬಾರದು. ಫ್ಲಶ್ಶಿನ ಹಿಡಿ ಖಾಲಿ ಪಕ್ಕಕ್ಕಿರಲಿ, ಬೆನ್ನ ಹಿಂದಿನ ಗುಂಡಿಯನ್ನು ತಿರುಗಿ ಒತ್ತಲು ಹೋಗಿ ಬೀಳುವವರಿದ್ದಾರೆ. ಕಮೋಡಿನ ಮೇಲೆ ಕೂತೇ ಕೈ ತೊಳೆಯಲು ಒಂದು ಪುಟ್ಟ ಬೇಸಿನ್ ಇದ್ದರೆ ಒಳ್ಳೆಯದು, ಕೊಳೆ ಕೈಯಿಂದಲೇ ಗಾಲಿ ಹಿಡಿಯುವುದು ತಪ್ಪುತ್ತದೆ. ದೊಡ್ಡ ಬೇಸಿನ್ನಿನ ಮೇಲಂಚು 750ರಿಂದ 800 ಎಂಎಂ, ಅಡಿಯಲ್ಲಿ ಮಂಡಿಗೆ 700 ಎಂಎಂವರೆಗೆ ಖಾಲಿ. ಕೆಳಗೆ ಕಂಬ ನಿಲ್ಲಿಸಿದ ಬೇಸಿನ್ ಬೇಡ. ಕನ್ನಡಿಯ ಕೆಳಅಂಚು ಮೂರಡಿಗಿಂತ ಮೇಲೇರದಿರಲಿ. ಒಂದು ಕೊಕ್ಕೆ ಆಳೆತ್ತರಕ್ಕೆ, ಒಂದು ಕೂತವರ ಎತ್ತರಕ್ಕೆ. ಒಂದು ಒಣ ಹಲಗೆ: ನಾಲ್ಕಾರು ತಾಸಿಗೊಮ್ಮೆ ತಾವೇ ಕ್ಯಾಥೆಟರ್ ಹಾಕಿಕೊಳ್ಳುವವರಿಗೆ ನಳಿಗೆ, ಹತ್ತಿ ಇಡಲು ಒದ್ದೆಯಿಲ್ಲದ ಜಾಗ, ಸರಿಯಾದ ಬೆಳಕು ಬೇಕು. ಮುಟ್ಟಿನ ಬಟ್ಟೆ, ಪ್ಯಾಡು ಬದಲಿಸುವವರಿಗೂ ಅದೇ ಹಲಗೆ, ಜೊತೆಗೆ ಮುಚ್ಚಳದ ಬುಟ್ಟಿ.

ನೆಲ ಒಣಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಏಕೆಂದು ನೆನಪಿಡಿ: ಪೋಲಿಯೋ ಆದ ಕೆಲವರು ಕುರ್ಚಿಯಲ್ಲಿ ಬರುವುದಿಲ್ಲ, ಎರಡು ಕೈ ಊರಿ ನೆಲದ ಮೇಲೆ ಸರಿಯುತ್ತ ಬರುತ್ತಾರೆ. ಅಂಗೈಗೆ, ಬಟ್ಟೆಗೆ ತಾಗುವುದು ಆ ನೆಲ. ನೂರಕ್ಕೊಂದು ಇಳಿಜಾರನ್ನು ಹಿಂದಿನ ಮೂಲೆಗೆ ಕೊಟ್ಟು ಜಾಲಿಯನ್ನು ಅಲ್ಲೇ ಇಡಿ, ಕಮೋಡಿನ ಮುಂದಲ್ಲ. ದೊಡ್ಡ ನುಣುಪು ಟೈಲಿಗಿಂತ ಒಂದಡಿಯ ಒರಟು ಟೈಲು ಮೇಲು, ಸಂದುಗಳು ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಬಣ್ಣದ ಬಗ್ಗೆಯೂ ಒಂದು ಮಾತು. ಬಿಳಿ ಗೋಡೆ, ಬಿಳಿ ಕಮೋಡು, ಬಿಳಿ ಬೇಸಿನ್, ಬೆಳ್ಳಿ ಸರಳು. ಸ್ವಚ್ಛವಾಗಿ ಕಾಣುತ್ತದೆ ನಿಜ, ಕಣ್ಣು ಮಂಜಾದವರಿಗೆ ಅದೆಲ್ಲ ಒಂದೇ ಬಿಳಿ ಮೋಡ. ಕಮೋಡಿನ ಹಿಂದಿನ ಗೋಡೆಗೆ ನಾಲ್ಕಡಿವರೆಗೆ ಗಾಢ ನೀಲಿಯೋ ಹಸಿರೋ ಟೈಲು ಹಾಕಿದರೆ ಒಂದು ರೂಪಾಯಿ ಹೆಚ್ಚಾಗುವುದಿಲ್ಲ. ಕಣ್ಣು ಕಾಣದವರಿಗೆ ಫುಟ್‌ಪಾತಿನಿಂದ ಉಬ್ಬುಟೈಲು ಬೇಕು. ಕಡ್ಡಿ ಟೈಲೆಂದರೆ ಸಾಗು, ಚುಕ್ಕಿ ಟೈಲೆಂದರೆ ನಿಲ್ಲು. ಎರಡನ್ನೂ ಅದಲುಬದಲು ಹಾಸಿದರೆ ಮನುಷ್ಯ ಚರಂಡಿಗೆ ಸಾಗುತ್ತಾನೆ. ಬ್ರೈಲ್ ಫಲಕ ಕದದ ಮೇಲಲ್ಲ, ಚಿಲಕದ ಪಕ್ಕದ ಗೋಡೆಯ ಮೇಲೆ. ಕದದ ಮೇಲಿದ್ದರೆ ಓದುತ್ತಿರುವಾಗಲೇ ಯಾರಾದರೂ ಒಳಗಿನಿಂದ ತಳ್ಳುತ್ತಾರೆ.

ತುರ್ತು ಗಂಟೆಯ ಹಗ್ಗ ನೆಲದಿಂದ ಒಂದಡಿವರೆಗೆ ಇಳಿದಿರಬೇಕು, ಬಿದ್ದವರಿಗೆ ಎಟುಕಲು. ತೊಳೆಯುವಾಗ ಅಡ್ಡಿ ಎಂದು ಅದನ್ನು ಗಂಟು ಹಾಕಿ ಮೇಲೆ ಸಿಕ್ಕಿಸುವುದು ಎಲ್ಲ ಕಡೆ ನಡೆಯುತ್ತದೆ. ಹತ್ತಿ ಹಗ್ಗಕ್ಕೆ ಬದಲು ತೊಳೆದರೆ ಒಣಗುವ ನೈಲಾನ್ ಹಗ್ಗ, ತುದಿಗೊಂದು ಪ್ಲಾಸ್ಟಿಕ್ ಬಳೆ ಕಟ್ಟಿ. ಗಂಟೆ ಬಾರಿಸಬೇಕಾದ್ದು ಕಾವಲಿನವರ ಕೋಣೆಯಲ್ಲಿ ಮತ್ತು ಹೊರಬಾಗಿಲ ಮೇಲೆ, ಕೆಂಪು ದೀಪದ ಜೊತೆ. ಕರೆಂಟು ಹೋಗುವ ಊರು ನಮ್ಮದು, ಬ್ಯಾಟರಿ ಇರಲಿ. ಆಸ್ಪತ್ರೆ ಮತ್ತು ನಿಲ್ದಾಣದ ಎರಡು ಕಡೆಯಾದರೂ ಗೋಡೆಗೆ ಮಡಚುವ ಆರಡಿಯ ಮಂಚ ಹಾಕಿ, ಕೋಣೆಯನ್ನು ಎರಡಡಿ ಉದ್ದ ಮಾಡಿ. ಸೆರೆಬ್ರಲ್ ಪಾಲ್ಸಿ ಇರುವ ಹದಿನೈದು ವರ್ಷದ ಮಗುವಿನ ಡೈಪರ್ ಬದಲಿಸಲು ಈಗಿರುವ ಜಾಗ ನೆಲವೊಂದೇ.

ಕಟ್ಟಿದ್ದು ಆಯಿತು. ಇನ್ನು ನಡೆಸುವ ಮಾತು. ದಿನಕ್ಕೆ 300 ಜನ ಬಳಸುವ ಶೌಚಾಲಯಕ್ಕೆ ಒಬ್ಬರಿಗೆ ಫ್ಲಶ್ಶಿಗೆ ಆರು, ತೊಳೆಯಲು ಎರಡು, ಕೈಗೆ ಒಂದು ಲೀಟರ್ ಹಿಡಿದರೂ 2,700 ಲೀಟರ್, ನೆಲ ತೊಳೆಯಲು ಇನ್ನೊಂದು 300. ನಲ್ಲಿ ನೀರು ದಿನವೂ ಬರುತ್ತದೆಂದು ನೆಚ್ಚುವಂತಿಲ್ಲ, ಹಾಗಾಗಿ ಎರಡು ದಿನದ ಲೆಕ್ಕಕ್ಕೆ ಆರು ಸಾವಿರ ಲೀಟರಿನ ಸಂಪು, ಮೇಲೆ ಎರಡು ಸಾವಿರದ ಟ್ಯಾಂಕು. ಸಾವಿರ ಲೀಟರಿನ ಒಂದು ಕಪ್ಪು ಟ್ಯಾಂಕ್ ಇಟ್ಟ ಕಡೆ ಮಧ್ಯಾಹ್ನದೊಳಗೆ ನಲ್ಲಿ ಒಣಗುತ್ತದೆ, ಸಂಜೆಗೆ ಬಾಗಿಲು ಮುಚ್ಚುತ್ತದೆ. ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಸಕ್ಕಿಂಗ್ ಯಂತ್ರದ ಪೈಪು ತಲುಪುವ ಕಡೆ ಇರಬೇಕು, ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು. ಸುರಕ್ಷಾ ವ್ಯವಸ್ಥೆಯಿಲ್ಲದೆ ಒಳಗೆ ಮನುಷ್ಯರನ್ನು ಇಳಿಸಿ ತೆಗೆಸುವುದನ್ನು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ ನಿಷೇಧಿಸಿದೆ ಎಂಬುದನ್ನು ಕಂಟ್ರಾಕ್ಟರಿಗೆ ಬರವಣಿಗೆಯಲ್ಲೇ ಕೊಡಿ.

ಸ್ವಚ್ಛತೆಗೆ ಆ್ಯಸಿಡ್ ಸುರಿಯುವ ಅಭ್ಯಾಸ ನಿಲ್ಲಲಿ. ಟೈಲಿನ ಸಂದಿನ ಸಿಮೆಂಟನ್ನು ಅದು ತಿನ್ನುತ್ತದೆ, ಸ್ಟೀಲ್ ಸರಳಿಗೂ ಚುಕ್ಕೆ ಹಿಡಿಸುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಬರುವ ಕ್ಲೋರಿನ್ ಅನಿಲ ತೊಳೆಯುವ ಪೌರಕಾರ್ಮಿಕರ ಎದೆಗೇ ಹೋಗುತ್ತದೆ. ಸೋಪಿನ ದ್ರಾವಣ, ಬ್ರಷ್ಷು, ಆಮೇಲೆ ವೈಪರ್. ವೈಪರ್ ಎಳೆಯುವುದು ಮುಖ್ಯ, ತೊಳೆದು ಹಾಗೇ ಬಿಟ್ಟ ನೆಲ ತೊಳೆಯದ ನೆಲಕ್ಕಿಂತ ಅಪಾಯ.

ಕೀಲಿಯ ಸಂಗತಿಗೆ ಬಂದೆವು. ಸರಿಯಾಗಿ ಕಟ್ಟಿದ ಕೋಣೆ ಕೊನೆಗೆ ಪೊರಕೆ, ಫಿನಾಯಿಲ್ ಕ್ಯಾನು, ಬ್ಲೀಚಿಂಗ್ ಚೀಲದ ಗೋದಾಮು ಆಗುತ್ತದೆ, ಕೀಲಿ ಇಟ್ಟುಕೊಂಡವರು ಟೀಗೆ ಹೋಗಿರುತ್ತಾರೆ. ತಪ್ಪು ಅವರದ್ದಲ್ಲ. ನಕ್ಷೆಯಲ್ಲಿ ಪೊರಕೆಗೆ ಜಾಗ ಕೊಟ್ಟಿಲ್ಲ, ಇರುವುದರಲ್ಲಿ ದೊಡ್ಡ ಕೋಣೆ ಇದೇ. ಮೂರಕ್ಕೆ ನಾಲ್ಕಡಿಯ ಒಂದು ಸ್ಟೋರು ಪಕ್ಕದಲ್ಲೇ ಕಟ್ಟಿಬಿಡಿ, ಅರ್ಧ ಸಮಸ್ಯೆ ಅಲ್ಲಿಗೇ ತೀರಿತು. ಇನ್ನರ್ಧಕ್ಕೆ ಟೆಂಡರ್ ಷರತ್ತು: ಬೆಳಗ್ಗೆ ಮೊದಲ ಬಸ್ಸಿನಿಂದ ರಾತ್ರಿ ಕೊನೆಯ ಬಸ್ಸಿನವರೆಗೆ ಈ ಕೋಣೆಗೆ ಬೀಗವಿಲ್ಲ, ಶುಲ್ಕವಿಲ್ಲ. ‘ಎಲ್ಲರೂ ಬಳಸಿ ಕೆಡಿಸುತ್ತಾರೆ’ ಎಂಬ ವಾದ ಬರುತ್ತದೆ. ಬಳಸಲಿ ಬಿಡಿ. ಮಂಡಿ ನೋವಿನ ಅಜ್ಜಿಯೂ, ತುಂಬು ಗರ್ಭಿಣಿಯೂ, ಮಗುವನ್ನು ಕಂಕುಳಲ್ಲಿಟ್ಟ ತಂದೆಯೂ ಬಳಸಬೇಕಾದ ಕೋಣೆಯೇ ಅದು. ದಿನವೂ ಜನ ಬಳಸುವ ಕೋಣೆ ದಿನವೂ ತೊಳೆಸಿಕೊಳ್ಳುತ್ತದೆ, ಬೀಗ ಹಾಕಿದ್ದರಲ್ಲಿ ಜೇಡ ಕಟ್ಟುತ್ತದೆ.

ಹಣದ ಬಗ್ಗೆ. ನಗರಸಭೆಯ ಅನುದಾನದಲ್ಲಿ ವಿಶೇಷಚೇತನರಿಗೆಂದು ತೆಗೆದಿಡುವ ಶೇ. 5ರಲ್ಲಿ ಇದನ್ನು ಹಾಕಬೇಡಿ. ಆ ಹಣ ಸ್ಕೂಟರಿಗೆ, ಚಿಕಿತ್ಸೆಗೆ, ಸಲಕರಣೆಗೆ ಬೇಕು. ಶೌಚಾಲಯ ಊರಿನ ಕಾಮಗಾರಿ, ಬಾಗಿಲು ಆರಿಂಚು ಅಗಲವಾಗಿದ್ದು ಯಾರಿಗೂ ತೋರುವ ದಯೆಯಲ್ಲ. ಜೊತೆಗೆ, ಸ್ಕೂಟರ್ ಪಡೆದವರು ಅದರಲ್ಲಿ ಪೇಟೆಗೆ ಬಂದ ಮೇಲೆ ಎಲ್ಲಿಗೆ ಹೋಗಬೇಕು ಎನ್ನುವುದನ್ನೂ ಸ್ಕೂಟರ್ ವಿತರಣೆಯ ಫೋಟೋ ತೆಗೆಸುವಾಗ ಒಮ್ಮೆ ಯೋಚಿಸಿದರೆ ಚೆನ್ನ.

ದೀಪಾವಳಿಗೆ ದೇವೀರಮ್ಮನ ಬೆಟ್ಟ, ಡಿಸೆಂಬರಿನ ದತ್ತ ಜಯಂತಿ, ರಜೆಗಳಲ್ಲಿ ಮುಳ್ಳಯ್ಯನಗಿರಿ ಎಂದು ಜನ ಸೇರುವಾಗ ತಂದಿಡುವ ಪ್ಲಾಸ್ಟಿಕ್ ಶೌಚಾಲಯಗಳ ಬಾಗಿಲು ನೆಲಮಟ್ಟದಿಂದ ಮೇಲಿರುತ್ತದೆ. ಬಾಡಿಗೆ ಆದೇಶದಲ್ಲಿ ‘ನೆಲಮಟ್ಟದ ದೊಡ್ಡ ಮಾದರಿ, ಸಾಲಿಗೆ ಒಂದು’ ಎಂದು ಒಂದು ಗೆರೆ ಸೇರಿಸಿದರೆ ಸಾಕು.

ಈಗಾಗಲೇ ಇರುವುದನ್ನು ಒಡೆಯಿರಿ ಎಂದು ನಾವು ಹೇಳುವುದಿಲ್ಲ. ಚಿಲಕ ಬದಲಿಸುವುದು, ಅಡ್ಡ ಹಿಡಿ, ಕೊಕ್ಕೆ, ಲಿವರ್ ನಲ್ಲಿ, ಸೀಟು, ಕದವನ್ನು ಒಳಗಿನಿಂದ ಹೊರಕ್ಕೆ ತಿರುಗಿಸುವುದು, ಗೋದಾಮು ಖಾಲಿ ಮಾಡುವುದು, ಇವೆಲ್ಲ ಒಬ್ಬ ಬಡಗಿ, ಒಬ್ಬ ಪ್ಲಂಬರ್ ಎರಡು ದಿನದಲ್ಲಿ ಮುಗಿಸುವ ಕೆಲಸ. ಸರಳು ಮತ್ತೆ ಕೂರಿಸುವುದಕ್ಕೆ ಕಾಂಕ್ರೀಟು ಗಟ್ಟಿಯಾಗಲು ಒಂದು ವಾರ ಸೇರಿಸಿ. ಕಮೋಡು ಸರಿಸುವುದು, ರ್‍ಯಾಂಪ್ ಮುಂದಿನ ಬಜೆಟ್ಟಿಗೆ ಇರಲಿ. ಹೊಸ ಕಾಮಗಾರಿಯಲ್ಲಿ ಮೂರು ಸಲ ಟೇಪ್ ಹಿಡಿಯಬೇಕು: ಪೈಪು ಹಾಕಿ ಮಣ್ಣು ಮುಚ್ಚುವ ಮೊದಲು, ಬಾಗಿಲುವಾಡ ನಿಲ್ಲಿಸಿದ ದಿನ, ಕೊನೆಗೆ ಬಿಲ್ಲಿನ ದಿನ. ಮೂರು ಸಲವೂ ವಿಕಲಚೇತನರಿಗಾಗಿ ಕೆಲಸ ಮಾಡುವ ನಗರ ಪುನರ್ವಸತಿ ಕಾರ್ಯಕರ್ತರನ್ನು ಕರೆಯಿರಿ, ಅಳತೆ ಪುಸ್ತಕದಲ್ಲಿ ಜೆ.ಇ. (ಕಿರಿಯ ಇಂಜಿನಿಯರ್) ಸಹಿಯ ಪಕ್ಕ ಕುರ್ಚಿಯಲ್ಲಿ ಬಂದವರ ಸಹಿಯೂ ಬೀಳಲಿ.

ಕರೆದ ದಿನ ಬರಲು ನಾವು ಸಿದ್ಧ. ಎರಡು ಬಗೆಯ ಗಾಲಿಕುರ್ಚಿ, ಐದು ಮೀಟರ್ ಟೇಪು, ಮಟ್ಟಗೋಲು, ನೆಲಕ್ಕೆ ಐದಡಿಯ ವೃತ್ತ ಬರೆಯಲು ಸೀಮೆಸುಣ್ಣ ಮತ್ತು ದಾರ ನಾವೇ ತರುತ್ತೇವೆ. ಕೀಲಿ ಮಾತ್ರ ನೀವು ತರಬೇಕು.

ಇತಿ ತಮ್ಮ ವಿಶ್ವಾಸಿಗಳು,
ಗಾಲಿಕುರ್ಚಿ, ಊರುಗೋಲು, ಕ್ಯಾಲಿಪರ್ ಬಳಸುವ ನಾಗರಿಕರು ಹಾಗೂ ಕಟ್ಟಡ ಕೆಲಸದ ಜೊತೆಗಾರರು, ಚಿಕ್ಕಮಗಳೂರು

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಚಿಕ್ಕಮಗಳೂರು, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳು